ಸೋಮವಾರ ಮಾತ್ರ ಉರಿಯುತ್ತಿದ್ದ ದೀಪ

ನಮ್ಮ ಮನೆಗೆ ಸೋಲಾರ್ ಬರುವ ಮೊದಲು ನಾನು ರೊಟ್ಟಿ ಬಡಿಯುತ್ತಿದ್ದದ್ದು ಚಿಮಣಿ ಬೆಳಕಿನಲ್ಲಿ. ಔಷಧದ ಸೀಸೆಗೆ ತಗಡಿನ ಮುಚ್ಚಳ, ಅದರ ನಡುವೆ ಒಂದು ಬತ್ತಿ, ಒಳಗೆ ಸೀಮೆಎಣ್ಣೆ, ಇಷ್ಟೇ ಚಿಮಣಿ. ಅದನ್ನು ಒಲೆಯ ಎಡಕ್ಕೆ ಇಟ್ಟರೆ ರೊಟ್ಟಿಯ ಮೇಲೆ ನನ್ನ ಕೈಯ ನೆರಳು, ಬಲಕ್ಕೆ ಇಟ್ಟರೆ ತಲೆಯ ನೆರಳು, ಹಿಂದೆ ಇಟ್ಟರೆ ಇಡೀ ನಾನೇ. ರೊಟ್ಟಿ ಬೆಂದಿತೋ ಹೊತ್ತಿತೋ ಮೂಗಿನಿಂದಲೇ ತಿಳಿಯಬೇಕಿತ್ತು. ಒಂದು ಸಂಜೆ ಕುದಿಯುವ ಕಡಲೆಹಿಟ್ಟಿನ ಝುಣಕಕ್ಕೆ ಎಲ್ಲಿಂದಲೋ ಒಂದು ಮಿಡತೆ ಹಾರಿ ಬಿದ್ದಿದೆ, ನನಗೆ ಕಂಡಿಲ್ಲ. ಮಾವ ಉಂಡು, "ಇವತ್ತ ಝುಣಕಾ ಗರಿಗರಿ ಆಗೈತಲ್ಲ" ಎಂದು ಇನ್ನೊಂದಿಷ್ಟು ಹಾಕಿಸಿಕೊಂಡರು. ಮರುದಿನ ಬೆಳಿಗ್ಗೆ ಪಾತ್ರೆ ತಿಕ್ಕುವಾಗ ಅಂಚಿಗೆ ಅಂಟಿದ್ದ ಒಂದು ಕಾಲು ಸಿಕ್ಕಿತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತಿದು. ಸಿಂದಗಿಯಿಂದ ಮೋರಟಗಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದು, ತೊಗರಿ ಹೊಲದ ಬದುವಿನ ಮೇಲೆ ಒಂದಿಷ್ಟು ನಡೆದರೆ ನಮ್ಮ ಹೊಲದ ಮನೆ. ಕರೆಂಟಿನ ಕಂಬಗಳು ಊರಿನ ಅಂಚಿನ ತನಕ ಬಂದು, ದೂರದಿಂದ ನಮ್ಮ ಮನೆಯನ್ನು ನೋಡಿ, ಅಲ್ಲೇ ನಿಂತುಬಿಟ್ಟಿದ್ದವು. ಮನೆಯಲ್ಲಿ ನಾವು ನಾಲ್ವರು. ಅತ್ತೆ, ಮಾವ, ಊರ ಸಾಲಿಯಲ್ಲಿ ಮಾಸ್ತರರಾಗಿದ್ದ ನಮ್ಮ ಮನೆಯವರು, ಮತ್ತು ನಾನು. ಎತ್ತುಗಳನ್ನು ಮಾವ ಮನೆಯ ಮಂದಿಯಲ್ಲೇ ಹಿಡಿಯುತ್ತಿದ್ದರು, ಆ ಲೆಕ್ಕದಲ್ಲಿ ನಾವು ಆರು ಜನ.

ಸಿಂದಗಿಯ ಬಸ್‌ಸ್ಟ್ಯಾಂಡ್ ಹತ್ತಿರ ಸೋಲಾರ್ ದೀಪದ ಅಂಗಡಿಯೊಂದು ಆಯಿತು. ಅದರ ಮನುಷ್ಯನನ್ನು ನಾವು ಕಂಪನಿಯವರು ಅನ್ನುತ್ತಿದ್ದೆವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿಗೆ ಅವರೊಬ್ಬರೇ, ಅದೂ ಬಸ್ಸಿನಲ್ಲಿ. ಗಾಜಿನ ಪ್ಲೇಟು ಒಡೆಯಬಾರದೆಂದು ಅದನ್ನು ಕೌದಿಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಕೂಡುತ್ತಿದ್ದರು. ನಮ್ಮ ಮನೆಗೆ ತರುವಾಗ ಬಸ್ಸಿನಲ್ಲಿ ಒಬ್ಬ ಮುದುಕಿ "ಯಾವ ದೇವರ ಫೋಟೋರಿ?" ಅಂತ ಕೇಳಿದಳಂತೆ. ಬೆಳಿಗ್ಗೆಯಿಂದ ಇದೇ ಪ್ರಶ್ನೆಗೆ ಉತ್ತರ ಹೇಳಿ ಸಾಕಾಗಿದ್ದ ಇವರು "ಸೂರ್ಯ ದೇವರರಿ" ಅಂದಿದ್ದಾರೆ. ಆಕೆ ತನ್ನ ತುರುಬಿನ ಸೇವಂತಿಗೆ ತೆಗೆದು ಕೌದಿಗೆ ಸಿಗಿಸಿ ಕೈ ಮುಗಿದಳಂತೆ. ಹೂವಿನ ಸಮೇತವೇ ಪ್ಲೇಟು ನಮ್ಮ ಪಡಸಾಲೆಗೆ ಬಂತು.

ಕೌದಿ ಬಿಚ್ಚಿದಾಗ ನಾವೆಲ್ಲ ಬಗ್ಗಿ ನೋಡಿದೆವು. ಗಾಜಿನ ಕೆಳಗೆ ಕಡುನೀಲಿ ಬಣ್ಣದ ಗುಂಡನೆಯ ಬಿಲ್ಲೆಗಳು, ಸಾಲು ಸಾಲಾಗಿ, ಒಂದರ ಪಕ್ಕ ಒಂದು. ಒಂದೊಂದೂ ಅಂಗೈ ಅಗಲ. ನಡುವಿನ ಜಾಗವೆಲ್ಲ ಬೆಳ್ಳಗೆ.

"ಇವೇನು ಬಿಲ್ಲಿ?" ಮಾವ ಕೇಳಿದರು.

"ಸಿಲಿಕಾನ್ ಅಂತರಿ ಯಜಮಾನ್ರ. ಉಸುಕಿನಿಂದ ಮಾಡ್ತಾರ. ಬಿಸಲ ಬಿದ್ರ ಇದರಾಗ ಕರೆಂಟ್ ಹುಟ್ಟತೈತಿ."

"ಉಸುಕಿನಿಂದ ದೀಪಾ ಹತ್ತೂದಾದ್ರ ಭೀಮಾ ಹೊಳಿ ದಂಡ್ಯಾಗಿನ ಊರಾಗ ಯಾರಿಗೂ ನಿದ್ದಿ ಬರಬಾರದಾಗಿತ್ತಲ್ಲೋ ತಮ್ಮಾ."

"ಹಂಗಲ್ಲರಿ. ಉಸುಕ ಕರಗಿಸಿ, ಸೋಸಿ, ಮತ್ತ ಸೋಸಿ, ಹೊಲಸೆಲ್ಲಾ ತಗದು, ಅದರಾಗಿಂದ ಒಂದು ಗುಂಡನ ಕೋಲ ಎಳಿತಾರ. ಆ ಕೋಲ ಸವತಿಕಾಯಿ ಹೆಚ್ಚಿದಂಗ ತೆಳ್ಳಗ ಹೆಚ್ಚತಾರ. ಅದಕ್ಕ ಬಿಲ್ಲಿ ಗುಂಡಗ ಅದಾವ."

ಅಲ್ಲಿಯ ತನಕ ಸುಮ್ಮನಿದ್ದ ಅತ್ತೆಗೆ ಸವತೆಕಾಯಿ ಬಂದ ಮೇಲೆ ವಿಷಯ ತಿಳಿಯಾಯಿತು. "ಸಿಪ್ಪಿ ತಗಿತಾರೇನು?" ಅಂದರು.

"ಇಲ್ಲರಿ ಅವ್ವಾರ, ಸಿಪ್ಪಿ ಇರಂಗಿಲ್ಲ."

"ಮತ್ತ ಚಲೋ ಆತು," ಅಂದರು ಅತ್ತೆ. ಏನು ಚಲೋ ಆಯಿತೋ ಯಾರೂ ಕೇಳಲಿಲ್ಲ. ಈಗ ಹೊಸ ಪ್ಲೇಟಿನೊಳಗೆ ಬಿಲ್ಲೆಯ ಅಂಚು ಕತ್ತರಿಸಿ ಕೂಡಿಸುತ್ತಾರೆ, ಇದು ಹಳೆಯ ಮಾಲು, ಆದರೆ ಗಟ್ಟಿ ಮಾಲು, ಅಂತ ಕಂಪನಿಯವರು ಹೇಳಿದ್ದು ಮಾತ್ರ ನನಗೆ ನೆನಪಿದೆ.

ಪ್ಲೇಟು ಮಾಳಿಗೆಯ ಮೇಲೆ ಕೂತಿತು. ನಮ್ಮ ಕಡೆ ಮಣ್ಣಿನ ಚಪ್ಪಟೆ ಮಾಳಿಗೆ, ನಿಚ್ಚಣಿಕೆ ಹತ್ತಿ ಹೋಗಬೇಕು. ಸೊಂಟದೆತ್ತರದ ಕಬ್ಬಿಣದ ಕಾಲಿನ ಮೇಲೆ, ದಕ್ಷಿಣಕ್ಕೆ ಮುಖ ಮಾಡಿ, ತುಸುವೇ ಓರೆಯಾಗಿ. ಕೆಳಗೆ ಪಡಸಾಲೆಯ ಗೂಡಿನಲ್ಲಿ ಬ್ಯಾಟರಿ. ಅದಕ್ಕೆ ಎರಡು ದೀಪ. ಒಂದು ಪಡಸಾಲೆಗೆ, ಅದರಲ್ಲಿ ಚರ್ಚೆ ಇರಲಿಲ್ಲ. ಇನ್ನೊಂದು ಎಲ್ಲಿಗೆ ಎಂಬುದಕ್ಕೆ ಒಂದು ಸಭೆಯೇ ಆಯಿತು. ಅತ್ತೆ ದೇವರ ಜಗಲಿಗೆ ಅಂದರು. ನಮ್ಮ ಮನೆಯವರು ಪೇಪರ್ ತಿದ್ದಲು ತಮ್ಮ ಮೇಜಿಗೆ ಅಂದರು. ಮಾವ ಎತ್ತಿನ ಕೊಟ್ಟಿಗೆಗೆ ಅಂದರು. ನಾನು ಅಡುಗೆ ಮನೆಗೆ ಅಂದೆ, ಆದರೆ ಸಣ್ಣ ದನಿಯಲ್ಲಿ ಅಂದದ್ದರಿಂದ ಅದು ಕಂಪನಿಯವರಿಗೆ ಮಾತ್ರ ಕೇಳಿಸಿತು. ಅವರು, "ಯಜಮಾನ್ರ, ಎತ್ತು ಕತ್ತಲ್ಯಾಗೂ ಮೇಯ್ತಾವ. ರೊಟ್ಟಿ ಕತ್ತಲ್ಯಾಗ ಬಡಿಯೂದು ಕಷ್ಟರಿ" ಅಂದರು.

ಮಾವನಿಗೆ ಆ ಮಿಡತೆಯ ಸಂಗತಿ ಯಾರೋ ಹೇಳಿದ್ದರೋ ಏನೋ, ತುಸು ಯೋಚಿಸಿ ತೀರ್ಪು ಕೊಟ್ಟರು. "ಯುಗಾದಿ ತನಕ ನೋಡೂಣು. ಎಲ್ಲಾರ ಊಟ ಮುಗಿಯೂ ತನಕ ಎರಡೂ ಉರದ್ರ ಎರಡೂ ಇರಲಿ. ಕರೆಂಟ್ ಸಾಲಲಿಲ್ಲಂದ್ರ ಅಡಗಿ ಮನೀದು ತಗದಬಿಡ್ರಿ. ಪಡಸಾಲ್ಯಾಗಿಂದು ಮಂಕಾಗಬಾರದು."

ಹೀಗೆ ನನ್ನ ದೀಪಕ್ಕೆ ಯುಗಾದಿಯ ಗಡುವು ಬಿತ್ತು. ದೀಪಾವಳಿ ಆಗಿ ಸ್ವಲ್ಪ ದಿನಕ್ಕೆ ಹಾಕಿದ್ದು. ಚಳಿಗಾಲವೆಲ್ಲ ಎರಡೂ ದೀಪ ಹಾಲಿನಂತೆ ಉರಿದವು. ಬೆಳಕು ಬಂದ ಮೇಲೆ ನನ್ನ ಅಡುಗೆ ಮನೆಯನ್ನು ನಾನೇ ಮೊದಲ ಸಲ ನೋಡಿದಂತಾಯಿತು. ಗೋಡೆ ಬೆಳ್ಳಗಿದೆ ಅಂದುಕೊಂಡಿದ್ದೆ, ಅದು ಎಮ್ಮೆಯ ಬಣ್ಣದಲ್ಲಿತ್ತು. ಬೆಲ್ಲದ ಡಬ್ಬಿಯ ಹಿಂದೆ ಇರುವೆಗಳು ತಮ್ಮದೇ ಒಂದು ರಸ್ತೆ ಮಾಡಿಕೊಂಡಿದ್ದವು. ಕಾಣೆಯಾಗಿದೆ ಅಂತ ಎಷ್ಟೋ ದಿನ ಹುಡುಕಿದ್ದ ಸಣ್ಣ ಸೌಟು ಮಾಡಿನ ಗೂಟಕ್ಕೇ ನೇತಾಡುತ್ತಿತ್ತು. ಮಾವ ಮಾತ್ರ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕತ್ತಲಿದ್ದಾಗ ರೊಟ್ಟಿಗೆ ಇಷ್ಟ ಚುಕ್ಕಿ ಇರತಿರಲಿಲ್ಲ" ಅಂದರು.

ಶಿವರಾತ್ರಿ ಕಳೆಯಿತು, ಬಿಸಿಲು ಏರಿತು, ಹಪ್ಪಳದ ದಿನಗಳು ಬಂದವು. ನಮ್ಮಲ್ಲಿ ಜೋಳದ ಹಪ್ಪಳ. ನೆನೆಸಿ ಬೀಸಿದ ಜೋಳದ ಹಿಟ್ಟನ್ನು ಗಂಜಿ ಕಾಯಿಸಿ, ಜೀರಿಗೆ ಎಳ್ಳು ಹಾಕಿ, ಮಾಳಿಗೆಯ ಮೇಲೆ ಒದ್ದೆ ಧೋತರ ಹಾಸಿ, ಸೌಟಿನಿಂದ ಗುಂಡಗೆ ಹಚ್ಚಿ ಒಣಗಿಸುವುದು. ಗಂಜಿ ತಿರುವುವುದು ಸೊಸೆಯ ಕೆಲಸ, ಹಚ್ಚುವುದು ಅತ್ತೆಯ ಕೆಲಸ. ಗಂಜಿಯನ್ನು ಒಂದು ಗಳಿಗೆ ಬಿಟ್ಟರೆ ತಳ ಹತ್ತುತ್ತದೆ, ಹಾಗಾಗಿ ನಾನು ಒಲೆಯ ಮುಂದಿನಿಂದ ಏಳುವಂತಿಲ್ಲ. ಮಾಳಿಗೆಗೆ ಯಾರೂ ಹತ್ತುವಂತಿಲ್ಲ. ಮಣ್ಣಿನ ಮಾಳಿಗೆ, ಕಾಲಿಟ್ಟರೆ ಧೂಳು. ಹಪ್ಪಳದ ದಿನಗಳಲ್ಲಿ ಮಾಳಿಗೆ ಪೂರಾ ಅತ್ತೆಯ ರಾಜ್ಯ. ಪಾತ್ರೆಯನ್ನು ನಿಚ್ಚಣಿಕೆಯ ಕೆಳಗಿನಿಂದ ನಾನು ಎತ್ತಿ ಕೊಡುತ್ತಿದ್ದೆ, ಮೇಲಿನಿಂದ ಎರಡು ಕೈ ಬಂದು ಇಸಿದುಕೊಳ್ಳುತ್ತಿದ್ದವು.

ಆ ವರ್ಷ ಮೊದಲ ದಿನವೇ ಮೇಲಿನಿಂದ ಹುಕುಂ ಬಂತು. "ಯವ್ವಾ, ಗಂಜಿ ತುಸು ಗಟ್ಟಿ ಇರಲಿ. ಕೆಳಗ ಜಾರತೈತಿ."

ಧೋತರದ ಮೇಲೆ ಗಂಜಿ ಎಲ್ಲಿಗೆ ಜಾರುತ್ತದೆ ಅಂತ ನನಗೆ ಹೊಳೆಯಲಿಲ್ಲ. ಗಟ್ಟಿ ಮಾಡಿ ಕೊಟ್ಟೆ. ಸಂಜೆ ಅತ್ತೆ ಇಳಿಸಿದ ಹಪ್ಪಳ ನೋಡಿದರೆ ನನಗೆ ನಂಬಿಕೆಯೇ ಬರಲಿಲ್ಲ. ಹಿಂದಿನ ವರ್ಷದ ಹಪ್ಪಳಗಳು ಒಂದೊಂದು ಒಂದೊಂದು ಊರಿನ ನಕಾಶೆಯಂತೆ ಇರುತ್ತಿದ್ದವು. ಈ ಸಲ ಎಲ್ಲವೂ ಒಂದೇ ಅಳತೆ, ಒಂದೇ ಗುಂಡು, ಒಂದು ಬದಿ ನುಣ್ಣಗೆ ಹೊಳಪು. ಅತ್ತೆ ಅವನ್ನು ಹೂವಿನ ಹಿಪ್ಪರಗಿಯಲ್ಲಿದ್ದ ತಮ್ಮ ತವರಿಗೆ ಒಂದು ಕಟ್ಟು ಕಳಿಸಿದರು. ಅಲ್ಲಿಂದ, ಹಪ್ಪಳ ಮಾಡುವ ಮಶೀನು ತಂದಿರೇನು ಅಂತ ಕೇಳಿ ಕಳಿಸಿದರು. ಅತ್ತೆ ಉತ್ತರ ಕಳಿಸಲಿಲ್ಲ, ನಕ್ಕರು. ಇನ್ನೊಂದು ಸಂಗತಿ. ಆ ವರ್ಷ ಅಂಟು ಅಂಟಾದ ಹಪ್ಪಳದ ಧೋತರ ಒಗೆಯಲು ನನ್ನ ಪಾಲಿಗೆ ಬರಲೇ ಇಲ್ಲ. ನಾನು ಅದನ್ನು ದೇವರ ದಯೆ ಅಂದುಕೊಂಡು ಸುಮ್ಮನಾದೆ.

ಅದೇ ವಾರ ದೀಪ ಕೈಕೊಟ್ಟಿತು.

ಸಂಜೆ ಹತ್ತಿಸಿದರೆ ಚೆನ್ನಾಗಿ ಹತ್ತುವುದು. ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಮಂಕಾಗುವುದು. ಮೂರನೆಯದು ಹೆಂಚಿಗೆ ಬೀಳುವಾಗ ಬ್ಯಾಟರಿಯ ಪೆಟ್ಟಿಗೆಯಲ್ಲಿ ಕೆಂಪು ಚುಕ್ಕಿ ಬಂದು ಎರಡೂ ದೀಪ ಒಟ್ಟಿಗೆ ಆರಿಹೋಗುವುದು. ಪಡಸಾಲೆಯಿಂದ ಮಾವನ ದನಿ ಕೇಳುವುದು, "ಯುಗಾದಿ ಬಂತು ನೋಡ್ರೆವಾ."

ಚಳಿಯಲ್ಲಿ ಉರಿದದ್ದು ಈ ಸುಡು ಬಿಸಿಲಿನಲ್ಲಿ ಯಾಕೆ ಉರಿಯುತ್ತಿಲ್ಲ? ಇದಕ್ಕೆ ಮನೆಯಲ್ಲಿ ಒಬ್ಬೊಬ್ಬರಿಂದ ಒಂದೊಂದು ಉತ್ತರ ಬಂತು. ಮಾವನ ಪ್ರಕಾರ ಬ್ಯಾಟರಿಗೆ ಉಷ್ಣ ಆಗಿತ್ತು. ಅದಕ್ಕೆ ಒದ್ದೆ ಗೋಣಿಚೀಲ ಸುತ್ತಿ, ಮೇಲೊಂದು ಉಳ್ಳಾಗಡ್ಡಿ ಹೆಚ್ಚಿ ಇಟ್ಟರು. ನಮ್ಮ ಮನೆಯವರ ಪ್ರಕಾರ ಎಲ್ಲೋ ವಾಯರ್ ಸಡಿಲಾಗಿತ್ತು. ಸಾಲಿಯಿಂದ ಬಂದವರೇ ಸ್ಕ್ರೂಡ್ರೈವರ್ ಹಿಡಿದು ಬಿಗಿಯಾಗಿದ್ದನ್ನೆಲ್ಲ ಬಿಚ್ಚಿ ಮತ್ತೆ ಬಿಗಿ ಮಾಡುತ್ತಿದ್ದರು. ಅತ್ತೆಯ ಪ್ರಕಾರ ದೃಷ್ಟಿ ಆಗಿತ್ತು. ಅವರು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ನಾವೆಲ್ಲ ಕೆಮ್ಮಿದೆವು, ದೀಪ ಮಾತ್ರ ಜಗ್ಗಲಿಲ್ಲ.

ಕಂಪನಿಯವರಿಗೆ ಹೇಳಿ ಕಳಿಸಿದೆವು. ಅವರು ಬಂದದ್ದು ಸಂಜೆಯ ಬಸ್ಸಿಗೆ. ಆ ಬಸ್ಸು ಬರುವಷ್ಟರಲ್ಲಿ ಹಪ್ಪಳ ಇಳಿದು ಡಬ್ಬಿ ಸೇರಿರುತ್ತಿತ್ತು, ಮಾಳಿಗೆಗೆ ಹತ್ತಲು ಎಲ್ಲರಿಗೂ ಪರವಾನಗಿ. ಹತ್ತಿದರು, ಮೀಟರ್ ಹಚ್ಚಿ ನೋಡಿದರು, ಇಳಿದು ಬಂದರು.

"ಪ್ಲೇಟ್ ಬೆಸ್ಟ್ ಐತ್ರಿ. ನಾಲ್ಕ ತಾಲೂಕಿನ್ಯಾಗ ಇಷ್ಟ ಸ್ವಚ್ಛ ಪ್ಲೇಟ್ ನಾ ನೋಡಿಲ್ಲ. ಬ್ಯಾರೆ ಕಡೆ ಒಂದ ಬಟ್ಟ ಧೂಳ ಕುಂತಿರತೈತಿ. ಇಲ್ಲಿ ಮಾರಿ ನೋಡ್ಕೋಬೇಕು, ಹಂಗ ಹೊಳ್ಯಾಕತ್ತೈತಿ. ಯಾರ ಒರಸ್ತೀರಿ?"

"ನಾನ," ಅಂದರು ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ. "ದಿನಾ ಮುಂಜಾನೆ ತೊಳದು ಒರಸಿ ತುಸು ಎಣ್ಣಿ ಕೈ ಆಡಸ್ತೇನಿ."

"ಎಣ್ಣಿ ಬ್ಯಾಡ್ರಿ ಅವ್ವಾರ. ಹಕ್ಕಿ ಬರತಾವಂತ ಕಾಣತೈತಿ, ಗಾಜಿನ ಮ್ಯಾಲ ಎಳ್ಳ ಬಿದ್ದಿದ್ದು." ಅಷ್ಟು ಹೇಳಿ, ಬ್ಯಾಟರಿಯ ಮೇಲಿನ ಉಳ್ಳಾಗಡ್ಡಿಯನ್ನು ಬಹಳ ಹೊತ್ತು ನೋಡಿ, ಚಹಾ ಕುಡಿದು ಹೋದರು.

ಇಷ್ಟರ ನಡುವೆ ಒಂದು ವಿಚಿತ್ರ ಮಾವನ ಗಮನಕ್ಕೆ ಬಂತು. ಸೋಮವಾರ ಬಂದರೆ ದೀಪ ತನ್ನ ಹಟ ಬಿಟ್ಟು, ಊಟವಾಗಿ, ಪಾತ್ರೆ ತೊಳೆದು, ಮಾವನ ಎಲೆ ಅಡಿಕೆ ಮುಗಿಯುವ ತನಕವೂ ನಿಗಿನಿಗಿ ಉರಿಯುವುದು. ಮಂಗಳವಾರ ಮತ್ತೆ ಮೂರನೆಯ ರೊಟ್ಟಿಗೆ ಕತ್ತಲೆ. ನಡುವೆ ಬಂದ ಹುಣ್ಣಿಮೆಯ ದಿನವೂ ಉರಿಯಿತು. ಮಾವ ಇದನ್ನು ಎಲ್ಲರ ಎದುರು ಮಂಡಿಸಿದರು.

"ಸೋಮಾರ ನಾವು ಎತ್ತಿಗೆ ನೊಗಾ ಹಚ್ಚಂಗಿಲ್ಲ, ಬಿಡುವು ಕೊಡ್ತೇವಿ. ಇದು ಉಲ್ಟಾ ಐತಿ. ವಾರೆಲ್ಲಾ ಬಿಡುವು, ಸೋಮಾರ ಒಂದ ದಿನ ದುಡಿತೈತಿ. ಇದು ಭಕ್ತಿವಂತ ಯಂತ್ರ."

"ಅಪ್ಪಾ, ಯಂತ್ರಕ್ಕ ವಾರ ಗೊತ್ತಿರತೈತೇನು?" ನಮ್ಮ ಮನೆಯವರು ಕೇಳಿದರು.

"ನಿಮ್ಮ ಸಾಲ್ಯಾಗಿನ ಹುಡುಗೂರಿಗಿ ಗೊತ್ತಿರಂಗಿಲ್ಲ, ಇದಕ್ಕ ಗೊತ್ತೈತಿ."

ಮರುದಿನದಿಂದ ಬ್ಯಾಟರಿಗೆ ಮೂರು ಗೆರೆ ವಿಭೂತಿ ಬಿತ್ತು, ಉಳ್ಳಾಗಡ್ಡಿಯ ಪಕ್ಕದಲ್ಲಿ. ಮುಂದಿನ ಸೋಮವಾರ ಒಂದು ಕಾಯಿಯೂ ಒಡೆಯಿತು. ಆ ರಾತ್ರಿ ದೀಪ ಉರಿಯಿತು, ಮಾವ ನಮ್ಮ ಮನೆಯವರ ಮುಖ ನೋಡಿದರು. ಸೋಮವಾರ ಅತ್ತೆ ಒಪ್ಪೊತ್ತು ಇದ್ದು ಊರ ಗುಡಿಗೆ ಹೋಗುತ್ತಾರೆ, ಹುಣ್ಣಿಮೆಗೂ ಹಾಗೇ, ಆ ದಿನಗಳಲ್ಲಿ ನಾನು ಗಂಜಿಗೆ ಎಸರು ಇಡುವುದಿಲ್ಲ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆದರೆ ಗಂಜಿಗೂ ದೀಪಕ್ಕೂ ನಂಟು ಹಚ್ಚಲು ಯಾರ ತಲೆಗೆ ಬರಬೇಕು? ವಾರದಲ್ಲಿ ಆರು ದಿನ ಸಂಜೆ ಚಿಮಣಿ ಹತ್ತಿಸಿಕೊಂಡು, ಇನ್ನು ಇದೇ ಗತಿ ಅಂತ ನಾನು ರೊಟ್ಟಿ ಬಡಿಯುತ್ತಿದ್ದೆ. ಮೊದಲು ಬೆಳಕೇ ಇರದಿದ್ದಾಗ ಇಷ್ಟು ಬೇಸರವಿರಲಿಲ್ಲ.

ಯುಗಾದಿ ಹತ್ತಿರ ಬಂದಾಗ ಮಾವ ಮಾತಿಗೆ ತಪ್ಪದೆ ಸಿಂದಗಿಗೆ ಹೇಳಿ ಕಳಿಸಿದರು, ಬಂದು ಅಡುಗೆ ಮನೆಯ ದೀಪ ಬಿಚ್ಚಿಕೊಂಡು ಹೋಗಿರಿ ಅಂತ. ಕಂಪನಿಯವರು ಸಂಜೆಯ ಬಸ್ಸಿಗೇ ಬರುತ್ತಾರೆ ಅಂತ ನಾವಿದ್ದೆವು. ಆವತ್ತು ಅವರಿಗೆ ಮೋರಟಗಿ ಕಡೆ ಹೊರಟ ಟೆಂಪೋ ಸಿಕ್ಕಿ, ನಡುಮಧ್ಯಾಹ್ನಕ್ಕೇ ಬಂದು ನಿಂತರು. ಮಾವ ಊಟಕ್ಕೆ ಹೊಲದಿಂದ ಬಂದಿದ್ದರು. ಅತ್ತೆ ಗಂಜಿ ಮುಗಿಸಿ ಇಳಿದು ಕಾಲು ತೊಳೆಯುತ್ತಿದ್ದರು. ನಾನು ಖಾಲಿ ಪಾತ್ರೆಗೆ ನೀರು ಹಾಕಿದ್ದೆ.

ಕಂಪನಿಯವರು ಅಡುಗೆ ಮನೆಯ ದೀಪದ ಕೆಳಗೆ ನಿಂತು ಮೇಲೆ ನೋಡಿದರು. ಅವರಿಗೂ ಬಿಚ್ಚಲು ಮನಸ್ಸಿರಲಿಲ್ಲ. "ತಗಿಯೂಕಿಂತ ಮೊದಲ ಇನ್ನೊಮ್ಮಿ ಪ್ಲೇಟ್ ನೋಡಿ ಬರ್ತೇನ್ರಿ" ಅಂದರು.

"ಈಗ ಬ್ಯಾಡೋ ತಮ್ಮಾ," ಅತ್ತೆ ಅಲ್ಲಿಂದಲೇ ಅಂದರು. "ಹಪ್ಪಳ ಹಾಕೇನಿ."

"ನಾ ಹಪ್ಪಳ ತುಳಿಯಂಗಿಲ್ಲರಿ ಅವ್ವಾರ. ಬಾಜೂಕ ನಿಂತ ಪ್ಲೇಟ್ ಅಷ್ಟ ನೋಡ್ತೇನಿ."

"ಪ್ಲೇಟ್ ನೋಡಾಕ ಏನೂ ಉಳದಿಲ್ಲ ಅಲ್ಲಿ," ಅಂದರು ಅತ್ತೆ. ಆ ಮಾತು ಆಗ ಯಾರಿಗೂ ತಿಳಿಯಲಿಲ್ಲ. ಕಂಪನಿಯವರು ಚಪ್ಪಲಿ ಬಿಟ್ಟು ನಿಚ್ಚಣಿಕೆ ಹತ್ತಿದರು.

ಅವರ ಹೆಜ್ಜೆಯ ಸದ್ದು ಪ್ಲೇಟಿನ ಹತ್ತಿರ ಹೋಗಿ ನಿಂತಿತು. ಮಾವ ಅಂಗಳಕ್ಕೆ ಬಂದು "ಏನಾತು?" ಅಂತ ಕೇಳಿದರು.

"ಯಜಮಾನ್ರ, ಒಂದೀಟ ಮ್ಯಾಲ ಬರ್ರಿ."

ಮಾವ ಹತ್ತಿದರು. ನಾನು ಕೈಯಲ್ಲಿದ್ದ ಸೌಟು ಸಮೇತ ಹತ್ತಿದೆ.

ಮಾಳಿಗೆ ಖಾಲಿ ಇತ್ತು. ಧೋತರವಿಲ್ಲ, ಚಾಪೆಯಿಲ್ಲ. ಪ್ಲೇಟಿನ ಮೇಲೆ, ಒಂದೊಂದು ನೀಲಿ ಬಿಲ್ಲೆಗೆ ಒಂದೊಂದು ಹಪ್ಪಳ, ಅಂಚಿಗೆ ಅಂಚು ಕೂಡಿಸಿ, ಸಾಲಿಗೆ ಸಾಲು. ಒಂದು ಬಿಲ್ಲೆಯೂ ಬರಿದಾಗಿ ಉಳಿದಿರಲಿಲ್ಲ, ಒಂದು ಹಪ್ಪಳವೂ ಗೆರೆ ದಾಟಿರಲಿಲ್ಲ. ಅಷ್ಟು ಒಪ್ಪವಾಗಿತ್ತು ಅಂದರೆ, ಇದು ಹುಟ್ಟಿದ್ದೇ ಹಪ್ಪಳಕ್ಕಾಗಿ, ದೀಪ ಉರಿಸುವುದು ಇದರ ಮೇಲುಗಳಿಕೆ ಅಂತ ಒಂದು ಗಳಿಗೆ ನನಗೂ ಅನ್ನಿಸಿತು.

ಅತ್ತೆ ಹಿಂದಿನಿಂದ ಹತ್ತಿ ಬಂದು, "ಎಲ್ಲಾರೂ ಬಂದ್ರಿ? ಆತು, ಧೂಳ ಆತು" ಅಂದರು.

"ಅವ್ವಾರ," ಕಂಪನಿಯವರ ದನಿ ಸಣ್ಣಗಾಗಿತ್ತು, "ಇದರ ಮ್ಯಾಲ ಹಪ್ಪಳ ಯಾಕ ಹಾಕೀರಿ?"

"ಮತ್ತ ಗುಂಡ ಗುಂಡ ಮಾಡಿ ಯಾಕ ಕೊಟ್ಟೀರಿ?"

"ಅವು ಬಿಸಲ ಕುಡಿಯೂ ಬಿಲ್ಲಿರಿ."

"ಕುಡೀಲಿ, ನಾ ಬ್ಯಾಡಂದ್ನೇನು? ಹಪ್ಪಳಾನೂ ಕುಡಿತೈತಿ, ಬಿಲ್ಲೀನೂ ಕುಡಿತೈತಿ. ನಮ್ಮ ಸಿಂದಗಿ ಸೀಮಿಗೆ ಬಿಸಲೇನು ಕಡಿಮಿ ಬಿದ್ದೈತೇನು?"

"ಹಪ್ಪಳದ ಕೆಳಗ ಬಿಸಲ ಹೋಗಂಗಿಲ್ಲರಿ."

"ಯಾಕ ಹೋಗಂಗಿಲ್ಲ? ಕೈ ಹಚ್ಚಿ ನೋಡ್ರಿ, ಗಾಜ ಸುಡಾಕತ್ತೈತಿ."

"ಅದು ಕಾವುರಿ. ಇದಕ್ಕ ಕಾವು ಬ್ಯಾಡ, ಬೆಳಕ ಬೇಕು."

ಅತ್ತೆ ಆಕಾಶ ನೋಡಿದರು. "ಬಿಸಲಾಗ ಕಾವು ಬ್ಯಾರೆ, ಬೆಳಕ ಬ್ಯಾರೆ ಹ್ಯಾಂಗ ಮಾಡ್ತೀರಿ? ಮಜ್ಜಿಗಿ ಕಡದು ಬೆಣ್ಣಿ ತಗದಂಗೇನು?"

ಕಂಪನಿಯವರು ಹಣೆ ಒರೆಸಿಕೊಂಡು ಪ್ಲೇಟಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಪಾಪ, ಬೇರೆ ದಾರಿ ಹಿಡಿದರು. "ನೋಡ್ರಿ, ಈ ಬಿಲ್ಲಿ ಎಲ್ಲಾ ಒಂದರ ಕೈ ಒಂದು ಹಿಡಕೊಂಡು ನಿಂತಾವ. ಕೆರಿಂದ ಕೊಡಾ ಕೈಗಿಂದ ಕೈಗೆ ದಾಟಿಸಿದಂಗ. ನಡುವ ಒಬ್ಬಾಕಿ ಕೈ ಬಿಟ್ರ ನೀರ ಮನಿಗೆ ಮುಟ್ಟತೈತೇನು? ಇಲ್ಲಿ ಒಂದ ಬಿಲ್ಲಿ ಮುಚ್ಚಿದ್ರೂ ಎಲ್ಲಾ ನಿಂತಂಗ. ನೀವ ಎಲ್ಲಾನೂ ಮುಚ್ಚೀರಿ."

ಇದು ಅತ್ತೆಗೆ ತಿಳಿಯಿತು. "ಹಂಗಾರ ನಾಳಿಂದ ಅರ್ಧಾ ಹಾಕ್ತೇನಿ" ಅಂದರು.

"ಅರ್ಧಾನೂ ಬ್ಯಾಡ್ರಿ."

"ಮೂಲ್ಯಾಗ ನಾಲ್ಕು?"

"ಒಂದೂ ಬ್ಯಾಡ್ರಿ ಅವ್ವಾರ."

ಅಷ್ಟು ಹೊತ್ತು ಬೇರೆಯದೇ ಲೆಕ್ಕದಲ್ಲಿದ್ದ ಮಾವ ಈಗ ಮೆಲ್ಲಗೆ ಕೇಳಿದರು. "ಹಂಗಾರ ಸೋಮಾರ..."

"ಸೋಮಾರ ನಾ ಗುಡಿಗೆ ಹೋಗಿರ್ತೇನಲ್ಲರಿ," ಅಂದರು ಅತ್ತೆ. "ಹಪ್ಪಳ ಯಾರ ಹಾಕ್ತಾರ?"

ಮಾವ ಮಾಳಿಗೆಯ ಅಂಚಿಗೆ ಹೋಗಿ ಎತ್ತುಗಳ ಕಡೆ ನೋಡುತ್ತ ನಿಂತರು. ಕಂಪನಿಯವರು ನನ್ನ ಕಡೆ ನೋಡಿದರು, ನಾನು ಸೌಟಿನ ಕಡೆ ನೋಡಿದೆ. ನಗಬಾರದು ಅಂತ ಎಲ್ಲರೂ ಕಷ್ಟಪಡುತ್ತಿದ್ದೆವು.

ನಗು ನಿಂತದ್ದು ಅತ್ತೆಯ ಮುಂದಿನ ಮಾತಿಗೆ. "ಹಿಂಗ ಮಾಡ್ರಿ. ಅಡಗಿ ಮನಿ ದೀಪಾ ತಗೊಂಡ ಹೋಗ್ರಿ. ಪ್ಲೇಟ್ ನನಗ ಬಿಡ್ರಿ, ಬಂದಷ್ಟ ಕರೆಂಟ್ ಪಡಸಾಲಿಗೆ ಸಾಕಾಗತೈತಿ. ಇನ್ನೂ ಹಿಟ್ಟ ಅರ್ಧಾ ಉಳದೈತಿ, ತವರಿಗೆ ಮತ್ತ ಕಳಸ್ತೇನಂತ ಹೇಳೇನಿ. ಈಗ ಧೋತರದ ಮ್ಯಾಲ ಹಾಕಿ ಸೊಟ್ಟ ಹಪ್ಪಳ ಕಳಿಸಿದ್ರ ಅವರು ಏನಂದಾರು?"

ಮಾವ ತಿರುಗಿ ಬಂದರು. ಯುಗಾದಿಯ ಮಾತು ಅವರದೇ, ಹಪ್ಪಳವೂ ಅವರಿಗೆ ಸೇರುತ್ತಿತ್ತು. ಅವರ ಮುಖ ನೋಡಿದರೆ ತೀರ್ಪು ಯಾವ ಕಡೆ ವಾಲುತ್ತಿದೆ ಅಂತ ನನಗೆ ತಿಳಿಯಿತು. ಹಿರಿಯರ ಮುಂದೆ 'ನನಗೆ ಇದು ಬೇಕು' ಅಂತ ಗಟ್ಟಿಯಾಗಿ ಹೇಳಿ ನನಗೆ ರೂಢಿಯಿಲ್ಲ. ಆದರೆ ಆವತ್ತು ಕೈಯಲ್ಲಿ ಸೌಟಿತ್ತು.

"ಅತ್ತೀರ," ಅಂದೆ, "ನೀವು ಇಷ್ಟ ಗುಂಡಗ ಹಾಕ್ತೀರಿ. ಸುಡಾಕಿ ನಾನು. ದೀಪಾ ತಗದ್ರ ನಾ ಚಿಮಣಿ ಬೆಳಕಿನ್ಯಾಗ ಸುಡಬೇಕು. ಒಂದು ಕರ್ರಗ ಆಗತೈತಿ, ಒಂದು ಹಸೀ ಉಳಿತೈತಿ. ತವರಿನಾವ್ರು ಬಂದು ಊಟಕ್ಕ ಕುಂತಾಗ ನಾ ಕರಕಲ ಹಪ್ಪಳ ಬಡಿಸಿದ್ರ, ಗುಂಡಗ ಐತೋ ಚೌಕ ಐತೋ ಯಾರ ನೋಡ್ತಾರ್ರಿ?"

ಅತ್ತೆ ಬಗ್ಗಿ, ಬೆಳಿಗ್ಗೆ ಮೊದಲಿಗೆ ಹಚ್ಚಿದ್ದ ಅಂಚಿನ ಒಂದು ಹಪ್ಪಳ ಒಣಗಿದೆಯೋ ನೋಡಿ, ಉಗುರಿನಿಂದ ಎಬ್ಬಿಸಿದರು. ಅದು ಗಾಜಿನಿಂದ ಪೂರ್ತಿ ಗುಂಡಗೆ ಎದ್ದು ಬಂತು. ಅದನ್ನು ನನ್ನ ಕೈಗೆ ಕೊಟ್ಟು, "ಸುಟಕೊಂಡ ಬಾ" ಅಂದರು. ನಾನು ಇಳಿದು ಕೆಂಡದ ಮೇಲೆ ಸುಟ್ಟು ತಂದೆ, ಹಗಲಾದ್ದರಿಂದ ಹದವಾಗಿತ್ತು. ನಾಲ್ಕು ತುಂಡು ಮಾಡಿ ಮಾಳಿಗೆಯ ಮೇಲೇ ತಿಂದೆವು.

"ಕತ್ತಲ್ಯಾಗ ಹಿಂಗ ಆಗಂಗಿಲ್ಲ," ಕೊನೆಗೆ ಮಾವ ಅಂದರು, ಹಲ್ಲಿನಲ್ಲಿ ಸಿಕ್ಕ ಎಳ್ಳು ತೆಗೆಯುತ್ತ.

"ಆಗಂಗಿಲ್ಲ," ಅತ್ತೆಯೂ ಒಪ್ಪಿದರು. "ಆದ್ರ ನನ್ನ ಹಿಟ್ಟಿಂದೇನು?"

ಆಗ ಕಂಪನಿಯವರು ಒಂದು ಮಾತು ಆಡಿದರು. ಸಿಂದಗಿಯ ಅವರ ಅಂಗಡಿಯ ಹಿಂದೆ ಒಂದು ಸತ್ತ ಪ್ಲೇಟು ಇತ್ತು. ಒಳಗಿನ ತಂತಿ ಹೋಗಿ ಕರೆಂಟ್ ಬರುವುದಿಲ್ಲ, ಗಾಜು ಮಾತ್ರ ಅಖಂಡ. ಯಾರಿಗೂ ಬೇಡವಾದದ್ದು, ಬೇಕಾದರೆ ತಂದುಕೊಡುತ್ತೇನೆ ಅಂದರು. ಅತ್ತೆಯ ಪ್ರಶ್ನೆ ಒಂದೇ. "ಅದರಾಗೂ ಬಿಲ್ಲಿ ಗುಂಡಗ ಅದಾವೇನು?"

"ಗುಂಡಗ ಅದಾವ್ರಿ. ಇದರ ಜೋಡೀದ."

"ಹಂಗಾರ ತಾ."

ಸಾಲಿ ಬಿಟ್ಟು ಬಂದ ನಮ್ಮ ಮನೆಯವರು, ಮನೆಯಲ್ಲಿ ಏನಾಗಿದೆ ಅಂತ ಗೊತ್ತಿಲ್ಲದೆ, ನೇರ ಸ್ಕ್ರೂಡ್ರೈವರ್ ಹಿಡಿದು ಬ್ಯಾಟರಿಯ ಮುಂದೆ ಕೂತರು. ಮಾವ ಎದುರಿಗೆ ಕೂತು, "ಬಿಚ್ಚು, ಬಿಚ್ಚು. ಮಾಸ್ತರ್ ಇದ್ದಿ, ಹುಡುಕು" ಅಂತ ಹುರಿದುಂಬಿಸಿ ಎಲ್ಲ ಬಿಚ್ಚಿಸಿದ ಮೇಲೆ ಸಂಗತಿ ಹೇಳಿದರು. ಅವರು ಬಿಚ್ಚಿದ್ದನ್ನು ಕಂಪನಿಯವರೇ ಕೂಡಿಸಬೇಕಾಯಿತು.

ಸತ್ತ ಪ್ಲೇಟು ಅದೇ ಕೌದಿಯಲ್ಲಿ ಸುತ್ತಿಕೊಂಡು ಬಂತು. ಕಂಪನಿಯವರಿಗೆ ಕೈ ರೂಢಿ ಬಿಡಲಿಲ್ಲ. ಹಪ್ಪಳದ ಪ್ಲೇಟಿಗೂ ಕಬ್ಬಿಣದ ಕಾಲು ಹಚ್ಚಿ, ದಿಕ್ಕು ನೋಡಿ, ದಕ್ಷಿಣಕ್ಕೆ ಓರೆ ಮಾಡಿ, ಬೋಲ್ಟು ಬಿಗಿದು ಹೋದರು. ಯುಗಾದಿಯ ಸಂಜೆ ಹೋಳಿಗೆ ಮಾಡಿದ್ದೆ. ಕೊನೆಯ ಹೋಳಿಗೆ ಹೆಂಚಿನಿಂದ ಇಳಿದು, ಎಲ್ಲರೂ ಉಂಡು, ನಾನೂ ಉಂಡು ಪಾತ್ರೆ ಎತ್ತಿಟ್ಟರೂ ದೀಪ ಮಂಕಾಗಲಿಲ್ಲ. ಆವತ್ತು ಸೋಮವಾರವೂ ಅಲ್ಲ. ಮಾವ ಬ್ಯಾಟರಿಯ ಮೇಲಿನ ಉಳ್ಳಾಗಡ್ಡಿ ತೆಗೆಸಿದರು. ವಿಭೂತಿಯನ್ನು ನಾನು ಒರೆಸಲು ಹೋದರೆ, "ಇರಲಿ ಬಿಡು, ಅದರಿಂದ ಏನ್ ಕೆಟ್ಟ ಆಗಂಗಿಲ್ಲ" ಅಂದರು.

ಹೀಗೆ ನಮ್ಮದು ಎರಡು ಸೋಲಾರಿನ ಮನೆ ಅಂತ ಸುತ್ತ ಹೆಸರಾಯಿತು. ಕಂಪನಿಯವರು ಮುದ್ದೇಬಿಹಾಳ ಕಡೆಯ ಗಿರಾಕಿಗಳನ್ನು ತೋರಿಸಲು ಕರೆತರುತ್ತಿದ್ದರು. ಬಂದವರೊಬ್ಬರು ಮಾಳಿಗೆ ನೋಡಿ, "ಎರಡನೇದಕ್ಕ ಎಷ್ಟ ದೀಪಾ ಹಚ್ಚೀರಿ?" ಅಂತ ಕೇಳಿದರು. ಮಾವ ಮುಖ ಬಿಗಿದುಕೊಂಡೇ, "ಅದು ದೀಪದ್ದಲ್ಲರಿ, ಊಟದ್ದು" ಅಂದರು. ಸೋಲಾರಿನಿಂದ ಅಡುಗೆಯೂ ಆಗುತ್ತದೆ ಅಂತ ಆ ಮನುಷ್ಯ ಬಹಳ ಖುಷಿಯಾಗಿ ಹೋದರು. ಕಂಪನಿಯವರು ಆಮೇಲೆ ಅವರಿಗೆ ಏನು ಹೇಳಿ ಸಮಾಧಾನ ಮಾಡಿದರೋ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕರೆಂಟಿನ ಕಂಬಗಳು ಮನಸ್ಸು ಮಾಡಿ ನಮ್ಮ ಮನೆಯ ತನಕ ಬಂದವು. ಕಂಬ ಬಂದರೂ ಕರೆಂಟು ತನಗೆ ತಿಳಿದಾಗ ಬರುತ್ತಿತ್ತು, ಅದಕ್ಕೆ ಸೋಲಾರನ್ನು ಬಿಡಲಿಲ್ಲ. ಹಳೆಯ ಪ್ಲೇಟಿನ ಶಕ್ತಿ ಕುಂದಿದಾಗ ಕಂಪನಿಯವರೇ ಹೊಸದು ತಂದರು. ಅವರ ತಲೆ ಅಷ್ಟರಲ್ಲಿ ನರೆತಿತ್ತು, ಬಸ್ಸು ಬಿಟ್ಟು ಮೋಟರ್‌ಸೈಕಲ್ ಹಿಡಿದಿದ್ದರು, ಕೌದಿ ಮಾತ್ರ ಅದೇ. ಬಿಚ್ಚಿದಾಗ ನಾವು ಮತ್ತೆ ಬಗ್ಗಿ ನೋಡಿದೆವು. ಈ ಸಲ ಬಿಲ್ಲೆಗಳು ತಿಳಿನೀಲಿ, ಪೂರಾ ಚೌಕ, ಒಂದಕ್ಕೊಂದು ಅಂಟಿಕೊಂಡು, ನಡುವೆ ಬಿಳಿ ಜಾಗವೇ ಇಲ್ಲ.

"ಗುಂಡನೂವು ಯಾಕ ಬಿಟ್ರು?" ಅತ್ತೆ ಕೇಳಿದರು.

"ಗುಂಡಗ ಇದ್ರ ನಡುವ ಜಾಗಾ ವ್ಯರ್ಥ ಆಗತೈತ್ರಿ. ಈಗ ಕರಗಿಸಿದ್ದನ್ನ ಚೌಕ ಗಟ್ಟಿ ಮಾಡಿ ಚೌಕಾನ ಹೆಚ್ಚತಾರ. ಅಷ್ಟ ಜಾಗಾದಾಗ ಜಾಸ್ತಿ ಕರೆಂಟ್. ಎಲ್ಲಾ ಕಾರ್ಖಾನ್ಯಾಗೂ ಈಗ ಹಿಂಗ."

"ಶಂಕರಪಾಳಿ ಕೊಯ್ದಂಗ," ಅಂದರು ಅತ್ತೆ.

"ಹೌದ್ರಿ ಅವ್ವಾರ, ಶಂಕರಪಾಳಿ ಕೊಯ್ದಂಗ," ಅಂದರು ಕಂಪನಿಯವರು. ಇಷ್ಟು ವರ್ಷದ ಮೇಲೆ ಅವರಿಬ್ಬರೂ ಒಂದು ಮಾತಿಗೆ ಒಮ್ಮೆಲೇ ಒಪ್ಪಿದ್ದು ಅದೇ ಮೊದಲು.

ಅತ್ತೆ ಕೈ ಇಟ್ಟು ಒಂದು ಚೌಕದ ಅಗಲ ಅಳೆದರು. ನಾನು ಅಡುಗೆ ಮನೆಯ ದೀಪದ ಕಡೆ ನೋಡಿದೆ. ಅವರು ತಲೆ ಅಲ್ಲಾಡಿಸಿ ಎದ್ದರು. "ಚೌಕ ಹಪ್ಪಳ ಯಾರ ತಿಂತಾರ? ಹಳೇದನ್ನ ನನಗ ಬಿಟ್ಟ ಹೋಗು."

ಹಳೆಯ ಪ್ಲೇಟು ಸತ್ತ ಪ್ಲೇಟಿನ ಪಕ್ಕಕ್ಕೆ ಸರಿಯಿತು. ಈಗ ಅತ್ತೆಗೆ ಎರಡು, ಒಂದೇ ಸಲಕ್ಕೆ ದುಪ್ಪಟ್ಟು ಹಪ್ಪಳ. ಚೌಕ ಬಿಲ್ಲೆಯ ಪ್ಲೇಟಿನ ಹತ್ತಿರ ಅವರು ಈ ತನಕ ಒಂದು ಸಂಡಿಗೆಯನ್ನೂ ಒಯ್ದಿಲ್ಲ. ಹೊಸ ಪ್ಲೇಟಿನ ಶಕ್ತಿ ಜಾಸ್ತಿ, ಅದಕ್ಕೇ ಅಡುಗೆ ಮನೆಯ ದೀಪ ಇಷ್ಟು ನಿಚ್ಚಳ ಅಂತ ನಮ್ಮ ಮನೆಯವರು ಬಂದವರಿಗೆಲ್ಲ ವಿವರಿಸುತ್ತಾರೆ. ನಾನು ಒಲೆಯ ಮುಂದೆ ಕೂತು ರೊಟ್ಟಿ ತಿರುವುತ್ತ, ಹೌದು ಹೌದು ಅನ್ನುತ್ತೇನೆ. ಆದರೆ ಯಾರಾದರೂ ಕಾರ್ಖಾನೆಯಲ್ಲಿ ಮತ್ತೆ ಗುಂಡನೆಯ ಬಿಲ್ಲೆ ಮಾಡಲು ಶುರು ಮಾಡಿದರೆ, ಅದನ್ನು ನಮ್ಮ ಮನೆಗೆ ಮಾತ್ರ ತರಬೇಡಿ ಅಂತ ಕಂಪನಿಯವರಿಗೆ ಗುಟ್ಟಾಗಿ ಹೇಳಿ ಇಟ್ಟಿದ್ದೇನೆ.